ನೆಲ ನಡುಗುವ ಕೋಣೆ

ನಮ್ಮ ದೊಡ್ಡಮ್ಮ ಓದಿದವಳಲ್ಲ. ಆದರೆ ಹೊಲಿಗೆ ಕಾರ್ಖಾನೆಯ ಆರುನೂರು ಹೆಂಗಸರ ಪಾಲಿಗೆ, ಮಕ್ಕಳ ವಿಷಯದಲ್ಲಿ ಅವಳು ಹೇಳಿದ್ದೇ ಕೊನೆಯ ಮಾತು. ಮಗುವಿನ ಕತ್ತು ಯಾವಾಗ ನಿಲ್ಲುತ್ತದೆ, ಯಾವ ಅಳು ಹಸಿವಿನದು, ಯಾವ ಅಳು ಬರೀ ಹಟದ್ದು, ಯಾವ ಮಗು ತಡವಾಗಿ ನಡೆದರೂ ಚಿಂತೆಯಿಲ್ಲ, ಯಾವುದನ್ನು ಇವತ್ತೇ ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕು, ಎಲ್ಲದಕ್ಕೂ ಅವಳ ಮುಖ ನೋಡುತ್ತಿದ್ದರು. ಇಪ್ಪತ್ತೆಂಟು ವರ್ಷ ಆ ಮಾತು ಸುಳ್ಳಾಗಲಿಲ್ಲ. ಒಂದು ಸಲ ಸುಳ್ಳಾಯಿತು. ಕಿವಿ ಕೇಳದ ಒಂದು ಮಗುವಿಗೆ ಕೇಳಿಸುತ್ತದೆ ಎಂದಳು, ತಾಯಿ ಅವಳ ಮಾತು ನಂಬಿದಳು, ಆ ಮಗು ಒಂದೂಕಾಲು ವರ್ಷಕ್ಕೂ ಹೆಚ್ಚು ಕಳೆದುಕೊಂಡಿತು. ಅದನ್ನು ಹೇಳಲು ಕೂತಿದ್ದೇನೆ. ಅವಳನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ, ಆ ಕೆಲಸ ಅವರು ಮಾಡಿಕೊಳ್ಳಲಿ.

ಕಾರ್ಖಾನೆಯವರೆಲ್ಲ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದದ್ದು ಬಾಯಿಮಾತಿಗೆ. ನನಗೆ ಮಾತ್ರ ಅವಳು ನಿಜವಾಗಿಯೂ ದೊಡ್ಡಮ್ಮ, ನಮ್ಮಮ್ಮನ ಅಕ್ಕ. ನನಗೆ ಮೂರು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಅಂದಿನಿಂದ ನನ್ನನ್ನು ಸಾಕಿದವಳು ಇವಳೇ. ಸಾಕಿದಳು ಎಂದರೆ ಮುದ್ದು ಮಾಡಿ ತಲೆಯ ಮೇಲೆ ಕೂರಿಸಿಕೊಂಡಳು ಎಂದುಕೊಳ್ಳಬೇಡಿ. ಹೊತ್ತು ಹೊತ್ತಿಗೆ ಊಟ, ಜ್ವರ ಬಂದರೆ ಪಕ್ಕ ಬಿಟ್ಟೇಳದ ಆರೈಕೆ, ಎದುರು ಮಾತಾಡಿದರೆ ಬೆನ್ನಿಗೊಂದು ಗುದ್ದು. ಅವಳ ಸ್ವಂತದ್ದು ಎರಡು ಹೋಗಿದ್ದವು. ಒಂದು ಹುಟ್ಟುವಾಗಲೇ ಸತ್ತಿತ್ತು, ಇನ್ನೊಂದು ಒಂಬತ್ತು ದಿನ ಇತ್ತು. ಆ ಒಂಬತ್ತು ದಿನದ ಬಗ್ಗೆ ಅವಳು ಒಂದು ಮಾತೂ ಆಡಿದ್ದಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಗಂಡ ಅದಾದ ಮೇಲೆ ಮನೆ ಬಿಟ್ಟು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ‘ಹೋಗಿದ್ದೇ ಒಳ್ಳೇದಾಯ್ತು ಬಿಡು, ಅವನನ್ನೂ ಬೆಳೆಸಬೇಕಾಗಿತ್ತು’ ಎನ್ನುತ್ತಿದ್ದಳು.

ಅವಳು ಕಾರ್ಖಾನೆಗೆ ಸೇರಿದ್ದು ದಾರ ಕತ್ತರಿಸುವ ಕೆಲಸಕ್ಕೆ. ಹೊಲಿದು ಬಂದ ಅಂಗಿಗಳಿಂದ ಜೋತಾಡುವ ದಾರದ ತುದಿಗಳನ್ನು ಇಡೀ ದಿನ ನಿಂತು ಕತ್ತರಿಸುವುದು. ಮಕ್ಕಳ ಕೋಣೆಯ ಆಯಾ ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಳು. ‘ಎರಡು ದಿನದ ಮಟ್ಟಿಗೆ ನೀನು ನೋಡ್ಕೋ’ ಎಂದು ಮೇಲ್ವಿಚಾರಕ ಇವಳನ್ನು ಒಳಗೆ ಕಳಿಸಿದ. ಆ ಎರಡು ದಿನ ಮುಗಿಯಲೇ ಇಲ್ಲ. ನಾನು ಹತ್ತೊಂಬತ್ತರಲ್ಲಿ ಅವಳ ಕೈಕೆಳಗೆ ಸೇರಿಕೊಂಡೆ.

ಮಕ್ಕಳ ಕೋಣೆ ಮೊದಲ ಮಹಡಿಯಲ್ಲಿ, ಹೊಲಿಗೆ ಹಾಲಿನ ಒಂದು ತುದಿಗೆ ಇತ್ತು. ನಡುವೆ ಒಂದು ತೆಳು ಗೋಡೆ, ಒಂದು ಬಾಗಿಲು, ಬಾಗಿಲಲ್ಲಿ ಅಂಗೈಯಗಲದ ಗಾಜು. ಆಚೆ ಇನ್ನೂರು ಮಷೀನು, ಈಚೆ ಇಪ್ಪತ್ತೆರಡು ಮಕ್ಕಳು. ಮಷೀನುಗಳು ಓಡುತ್ತಿರುವಷ್ಟು ಹೊತ್ತೂ ನಮ್ಮ ಕೋಣೆಯ ನೆಲ ಸಣ್ಣಗೆ ನಡುಗುತ್ತಿತ್ತು. ಹೊಸಬರಿಗೆ ಅಂಗಾಲಿಗೆ ಕಚಗುಳಿ ಇಟ್ಟ ಹಾಗೆ ಆಗುತ್ತಿತ್ತು. ವಾರ ಕಳೆದ ಮೇಲೆ ಯಾರಿಗೂ ಅದರ ಗಮನವೇ ಇರುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಚಾವಣಿಯ ಮೇಲಿನ ಸೈರನ್ ಕೂಗುತ್ತಿದ್ದ ಹಾಗೆಯೇ ಮೇಲ್ವಿಚಾರಕ ದೊಡ್ಡ ಸ್ವಿಚ್ಚನ್ನು ಕೆಳಗೆಳೆಯುತ್ತಿದ್ದ, ಇನ್ನೂರು ಮಷೀನು ಒಟ್ಟಿಗೆ ನಿಲ್ಲುತ್ತಿದ್ದವು. ಹಾಲು ಕುಡಿಸುವ ತಾಯಂದಿರು ಆಗ ಎದ್ದೆವೋ ಬಿದ್ದೆವೋ ಎಂದು ಓಡಿ ಬರುತ್ತಿದ್ದರು.

ದೊಡ್ಡಮ್ಮನ ಪರೀಕ್ಷೆಗಳನ್ನು ನೋಡಬೇಕಿತ್ತು. ಮೂರು ತಿಂಗಳ ಮಗುವನ್ನು ಮಲಗಿಸಿ ಎರಡೂ ಕೈ ಹಿಡಿದು ಮೆಲ್ಲಗೆ ಎತ್ತುವಳು, ತಲೆ ಹಿಂದೆ ಜೋಲುತ್ತದೋ ಜೊತೆಗೆ ಬರುತ್ತದೋ ಎಂದು ನೋಡಲು. ಆರು ತಿಂಗಳದ್ದನ್ನು ಬೋರಲು ಹಾಕಿ, ಕೈಗೆ ಇನ್ನೇನು ಸಿಗಬೇಕು ಅನ್ನುವಷ್ಟು ದೂರದಲ್ಲಿ ಬಿಸ್ಕತ್ತು ಇಡುವಳು. ಎಂಟು ತಿಂಗಳಾದ ಮೇಲೆ ಅದೇ ಬಿಸ್ಕತ್ತನ್ನು ಬಟ್ಟೆಯಡಿ ಮುಚ್ಚುವಳು. ಮಗು ಬಟ್ಟೆ ಎಳೆದರೆ, ‘ಹಾಂ, ಕಣ್ಣಿಗೆ ಕಾಣದಿದ್ರೂ ಅಲ್ಲೇ ಇದೆ ಅಂತ ಇದಕ್ಕೀಗ ಗೊತ್ತಾಯ್ತು. ಇನ್ನು ನಾಳೆಯಿಂದ ಅಮ್ಮ ಬಾಗಿಲು ದಾಟಿದ ಕೂಡ್ಲೆ ರಂಪ ಶುರು, ಹತ್ತಿ ಇದ್ರೆ ಕಿವಿಗೆ ಇಟ್ಕೋ’ ಎನ್ನುವಳು. ನಾಳೆಯಲ್ಲದಿದ್ದರೆ ನಾಡಿದ್ದು ಹಾಗೇ ಆಗುತ್ತಿತ್ತು. ಹತ್ತನೇ ತಿಂಗಳಿಗೆ ನೆಲದ ಮೇಲೆ ದಾರದ ಚೂರು ಬೀಳಿಸುವಳು, ಹೆಬ್ಬೆರಳು ತೋರುಬೆರಳು ಸೇರಿಸಿ ಹೆಕ್ಕುತ್ತದೋ ಇಲ್ಲವೋ ಎಂದು. ಅಳುವ ಮಕ್ಕಳಿಗೆ ಅವಳು ಹೆದರುತ್ತಿರಲಿಲ್ಲ. ‘ಅತ್ರೆ ಯಾರಾದ್ರೂ ಬರ್ತಾರೆ ಅನ್ನೋ ನಂಬಿಕೆ ಇರೋದಕ್ಕೇ ಅಳುತ್ತೆ ಕಣೇ. ಅಳೋದೇ ಬಿಟ್ಟ ಮಗು ಕಂಡ್ರೆ ಹೆದರ್ಕೋ’ ಎಂದು ನನಗೆ ಹೇಳಿಕೊಟ್ಟಿದ್ದಳು.

ಅವಳದೊಂದು ಕಟ್ಟಳೆ ಇತ್ತು. ಮಗು ಮೊದಲ ಹೆಜ್ಜೆ ನಮ್ಮ ಕೋಣೆಯಲ್ಲೇ ಇಟ್ಟರೂ ತಾಯಿಗೆ ಹೇಳಕೂಡದು. ಮಾರನೆಯ ದಿನವೋ ನಾಲ್ಕು ದಿನ ಬಿಟ್ಟೋ ಆ ತಾಯಿ ಕುಣಿದುಕೊಂಡು ಬಂದು, ‘ದೊಡ್ಡಮ್ಮ, ನಿನ್ನೆ ಸಂಜೆ ಮನೇಲಿ ನಡೀತು!’ ಎನ್ನುವಳು. ‘ಹೌದೇನೇ! ನಮಗೆ ತೋರಿಸ್ಲೇ ಇಲ್ಲ ನೋಡು, ಕಳ್ಳಬಡ್ಡಿಮಗ!’ ಎಂದು ದೊಡ್ಡಮ್ಮ ಬಾಯಿ ಮೇಲೆ ಕೈಯಿಡುವಳು. ಆ ನಾಟಕದಲ್ಲಿ ಅವಳದು ಎತ್ತಿದ ಕೈ. ನನಗೆ ನಗು ತಡೆಯಲಾಗದೆ ಹಾಲಿನ ಬಟ್ಟಲು ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋಗುತ್ತಿದ್ದೆ.

ಅವಳ ಮಾತಿಗೆ ಅಷ್ಟೊಂದು ಬೆಲೆ ಬಂದದ್ದು ಒಂದು ಹೆಣ್ಣುಮಗುವಿನಿಂದ. ಏಳು ತಿಂಗಳಾದರೂ ಅದು ಒಂದೇ ಕೈಯಲ್ಲಿ ಎಲ್ಲವನ್ನೂ ಹಿಡಿಯುತ್ತಿತ್ತು. ‘ಬಲಗೈ ಹುಡುಗಿ’ ಎಂದು ಮನೆಯವರು ಹಿಗ್ಗುತ್ತಿದ್ದರು. ದೊಡ್ಡಮ್ಮ ಮಾತ್ರ, ‘ಇಷ್ಟು ಬೇಗ ಒಂದೇ ಕೈ ಅಂದ್ರೆ ಇನ್ನೊಂದರಲ್ಲಿ ಏನೋ ಐಬಿದೆ’ ಎಂದು ಹಟ ಹಿಡಿದು ಆಸ್ಪತ್ರೆಗೆ ಕಳಿಸಿದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ಬೇಗ ಬಂದದ್ದಕ್ಕೆ ಆ ಕೈಗೆ ವ್ಯಾಯಾಮ ಸಿಕ್ಕಿತು, ಹುಡುಗಿ ಈಗ ಎರಡೂ ಕೈಯಲ್ಲಿ ಜಡೆ ಹಾಕಿಕೊಳ್ಳುತ್ತಾಳೆ. ತಿಂಗಳಿಗೊಮ್ಮೆ ನಮ್ಮ ಕೋಣೆಗೆ ಬರುವ ನರ್ಸಮ್ಮ ಅಂದಿನಿಂದ ಮಕ್ಕಳ ಬೆಳವಣಿಗೆಯ ಕಾರ್ಡುಗಳನ್ನು ತುಂಬುವ ಮುಂಚೆ ದೊಡ್ಡಮ್ಮನನ್ನು ಕೇಳತೊಡಗಿದಳು. ದೊಡ್ಡಮ್ಮನ ಕತ್ತು ಅಂದಿನಿಂದ ಒಂದಂಗುಲ ಮೇಲಾಯಿತು. ಸುಳ್ಳೇಕೆ ಹೇಳಲಿ, ನನಗೂ ಹೆಮ್ಮೆಯೇ ಆಗಿತ್ತು.

ಕಾಲರಿನವಳು ಬಂದದ್ದು ಆಮೇಲೆ. ಹೊಲಿಗೆ ಸಾಲಿನಲ್ಲಿ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ, ಅವರವರ ಕೆಲಸವೇ ಹೆಸರು. ತೋಳಿನವಳು, ಗುಂಡಿಯವಳು, ಜೇಬಿನವಳು. ಇವಳು ಅಂಗಿಗೆ ಕಾಲರ್ ಕೂರಿಸುವವಳು. ಇಪ್ಪತ್ತೆರಡರ ಹುಡುಗಿ, ಚೊಚ್ಚಲು ಗಂಡು, ನಾಲ್ಕು ತಿಂಗಳು. ಮೊದಲ ದಿನವೇ ಅವನು ದೊಡ್ಡಮ್ಮನ ಮನಸ್ಸು ಗೆದ್ದ. ಸೈರನ್ನಿಗೆ ಮಿಕ್ಕ ಮಕ್ಕಳೆಲ್ಲ ಬೆಚ್ಚಿಬಿದ್ದು ಎದ್ದು ಗೋಳೋ ಎಂದರೆ ಇವನು ತೊಟ್ಟಿಲಲ್ಲಿ ತಣ್ಣಗೆ ನಿದ್ದೆ ಮಾಡುತ್ತಿದ್ದ. ‘ಸಾಹೇಬರು ಮಲಗಿದ್ದಾರೆ, ಯಾರೂ ಗಲಾಟೆ ಮಾಡಂಗಿಲ್ಲ!’ ಎಂದಳು ದೊಡ್ಡಮ್ಮ. ಸಾಹೇಬ ಎಂಬುದೇ ಅವನ ಹೆಸರಾಗಿ ಉಳಿಯಿತು. ಇಂಥ ಬಂಗಾರದಂಥ ಮಗುವನ್ನು ತಾನು ಕಂಡೇ ಇಲ್ಲವೆಂದು ಅವಳು ಹೊಲಿಗೆ ಹಾಲಿನವರೆಗೂ ಹೋಗಿ ಹೇಳಿ ಬಂದಳು.

ಎಚ್ಚರವಿದ್ದಾಗಲೂ ಅವನದು ಒಂದು ವಿಶೇಷವಿತ್ತು. ಹನ್ನೆರಡೂವರೆಗೆ ಮಷೀನು ನಿಂತ ಕ್ಷಣವೇ ಕೈಯಲ್ಲಿದ್ದ ಆಟಿಕೆ ಬಿಟ್ಟು ಬಾಗಿಲ ಕಡೆ ತಿರುಗುತ್ತಿದ್ದ. ಎಲ್ಲ ಮಕ್ಕಳಿಗಿಂತ ಮೊದಲು ಅವನೇ. ಒಂದು ದಿನವೂ ತಪ್ಪಲಿಲ್ಲ. ‘ನೋಡೇ, ನೋಡೇ! ಸೈರನ್ ಆಯ್ತು, ಅಮ್ಮ ಬರ್ತಾಳೆ ಅಂತ ಲೆಕ್ಕ ಹಾಕ್ತಾನೆ ಈ ಚೋಟುದ್ದದವನು’ ಎಂದು ದೊಡ್ಡಮ್ಮ ಹಿಗ್ಗುತ್ತಿದ್ದಳು.

ಅವನಿಗೆ ಹತ್ತು ತಿಂಗಳಾಗಿದ್ದಾಗ ಕಾಲರಿನವಳು ಒಂದು ಬೆಳಿಗ್ಗೆ ಮಗುವನ್ನು ಒಪ್ಪಿಸಿ ಹೋಗದೆ ಬಾಗಿಲಲ್ಲೇ ನಿಂತಳು.

‘ದೊಡ್ಡಮ್ಮ, ಒಂದು ಮಾತು. ನಗಬಾರದು.’

‘ನಗೋಕೆ ನನಗೆಲ್ಲಿದೆ ಪುರಸೊತ್ತು? ಹೇಳು.’

‘ನಿನ್ನೆ ಅಡುಗೆಮನೇಲಿ ದೊಡ್ಡ ಪಾತ್ರೆ ನನ್ನ ಕೈಜಾರಿ ಬಿತ್ತು. ಪಕ್ಕದ ಮನೆಯವರು ಓಡಿ ಬಂದ್ರು. ಇವನು ಅಲ್ಲೇ ಬೆನ್ನು ಹಾಕಿ ಕೂತಿದ್ದ, ತಿರುಗಲೇ ಇಲ್ಲ. ಕರೆದ್ರೂ ಅಷ್ಟೇ. ಎದುರಿಗೆ ಬಂದ್ರೆ ನಗ್ತಾನೆ, ಹಿಂದಿನಿಂದ ಕರೆದ್ರೆ ಇಲ್ಲ. ಕಿವಿ... ಕಿವಿ ಏನಾದ್ರೂ...’

‘ಥೂ, ಬಿಡ್ತು ಅನ್ನು!’ ಎಂದು ದೊಡ್ಡಮ್ಮ ಗದರಿದಳು. ಆದರೆ ಮಗುವನ್ನು ಕೂರಿಸಿ, ಅವನ ಬೆನ್ನ ಹಿಂದೆ ಮಂಡಿಯೂರಿ, ತಲೆಯ ಹತ್ತಿರವೇ ಫಟ್ಟೆಂದು ಚಪ್ಪಾಳೆ ಹೊಡೆದಳು. ಅವನು ತಿರುಗಿ ನೋಡಿದ. ಬೀಗದಕೈ ಗೊಂಚಲನ್ನು ಕೆನ್ನೆಯ ಪಕ್ಕ ಕುಲುಕಿಸಿದಳು. ಅದಕ್ಕೂ ತಿರುಗಿದ. ಚಪ್ಪಾಳೆಯ ಗಾಳಿ ಅವನ ಕುತ್ತಿಗೆಗೆ ತಾಗಿರಬಹುದು, ಗೊಂಚಲು ಕಣ್ಣಂಚಿಗೆ ಬಿದ್ದಿರಬಹುದು ಎಂಬುದು ನನಗಾಗಲಿ ಅವಳಿಗಾಗಲಿ ಹೊಳೆಯಲಿಲ್ಲ. ‘ಇದು ಸಾಲದಿದ್ರೆ ಮಧ್ಯಾಹ್ನ ಬಾ, ತೋರಿಸ್ತೀನಿ’ ಎಂದಳು.

ಮೇಲ್ವಿಚಾರಕನಿಗೆ ಹೇಳಿ ಕಾಲರಿನವಳನ್ನು ಐದು ನಿಮಿಷ ಮುಂಚೆ ಬಿಡಿಸಿದಳು. ಅವಳನ್ನು ಬಾಗಿಲ ಗಾಜಿನಾಚೆ ನಿಲ್ಲಿಸಿ, ‘ಮಿಸುಕಾಡಬೇಡ’ ಎಂದಳು. ಸಾಹೇಬ ನೆಲದ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತು, ದಾರ ಮುಗಿದ ಒಂದು ಖಾಲಿ ರೀಲನ್ನು ಉರುಳಿಸುತ್ತಿದ್ದ. ಸೈರನ್ ಕೂಗಿತು, ಮಷೀನು ನಿಂತವು. ಸಾಹೇಬ ರೀಲು ಬಿಟ್ಟು ಗಕ್ಕನೆ ಬಾಗಿಲ ಕಡೆ ತಿರುಗಿದ. ಕಾಲರಿನವಳು ಗಾಜಿಗೆ ಹಣೆಯೊತ್ತಿ ಅಳತೊಡಗಿದಳು. ಒಳಗೆ ಬಂದು ಮಗುವನ್ನು ಎತ್ತಿಕೊಂಡು ದೊಡ್ಡಮ್ಮನ ಕೈಹಿಡಿದು, ‘ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ದೊಡ್ಡಮ್ಮ, ನನ್ನ ಜೀವ ಉಳಿಸಿದ್ರಿ’ ಎಂದಳು. ‘ಚೊಚ್ಚಲು ಹೆತ್ತೋರಿಗೆಲ್ಲ ಇದೇ ಕಾಯಿಲೆ. ಹೋಗು, ಹಾಲು ಕುಡಿಸು’ ಎಂದಳು ಇವಳು.

ಆ ತಿಂಗಳು ನರ್ಸಮ್ಮ ಬಂದಾಗ ಕಾಲರಿನವಳು ಮತ್ತೆ ಕೇಳಿದ್ದಳಂತೆ. ನರ್ಸಮ್ಮ ದೊಡ್ಡಾಸ್ಪತ್ರೆಗೆ ಚೀಟಿ ಬರೆಯಲು ಪೆನ್ನು ತೆಗೆದಳು. ‘ಸುಮ್ನೆ ಯಾಕೆ ಆ ಹುಡುಗಿಗೆ ಒಂದು ದಿನದ ರಜ ಹಾಳು ಮಾಡಿಸ್ತೀರಿ? ದಿನಾ ನಾನು ನೋಡ್ತಿಲ್ವಾ, ಸೈರನ್ನಿಗೆ ಮೊದಲು ತಿರುಗೋನೇ ಇವನು’ ಎಂದಳು ದೊಡ್ಡಮ್ಮ. ನರ್ಸಮ್ಮ ಕಾರ್ಡಿನಲ್ಲಿ ‘ಕೇಳಿಸುತ್ತದೆ’ ಎಂದು ಬರೆದು ಪೆನ್ನು ಮುಚ್ಚಿದಳು.

ಈಗ ನನ್ನ ವಿಷಯ. ನಾನು ಒಂದನ್ನು ಗಮನಿಸಿದ್ದೆ. ಸಾಹೇಬ ಐದಾರು ತಿಂಗಳಲ್ಲಿ ಎಲ್ಲ ಮಕ್ಕಳ ಹಾಗೆ ಊಂ ಆಂ ಎಂದು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ. ಆಮೇಲೆ ಮಿಕ್ಕ ಮಕ್ಕಳು ಬಬ್ಬಬ್ಬ, ದದ್ದದ್ದ ಎಂದು ಶುರುಮಾಡಿ ತಲೆ ತಿನ್ನುವ ಹೊತ್ತಿಗೆ ಇವನ ಹಾಡು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಒಂದು ಸಂಜೆ ಚಾಪೆ ಮಡಚುವಾಗ ಹೇಳಿದೆ:

‘ದೊಡ್ಡಮ್ಮ, ಸಾಹೇಬ ಮೊದಲು ಏನೇನೋ ಅಂತಿದ್ದ, ಈಗ ಏನೂ ಅನ್ನಲ್ಲ ಅಲ್ವಾ?’

‘ಗಂಡುಮಕ್ಕಳಿಗೆ ಮಾತು ತಡ.’

‘ತಡ ಅಲ್ಲ, ಇದ್ದದ್ದು ಹೋಗಿದೆ.’

ಅವಳು ಮಡಚಿದ ಚಾಪೆಯನ್ನು ನೆಲಕ್ಕೆ ಕುಕ್ಕಿದಳು. ‘ಎಷ್ಟು ಮಕ್ಕಳನ್ನ ನೋಡಿದೀಯ ನೀನು? ಮೊನ್ನೆ ಮೊನ್ನೆ ಮೂಗು ಒರೆಸ್ಕೊಳ್ಳೋಕೆ ಕಲಿತೋಳು ನನಗೆ ಪಾಠ ಹೇಳ್ತೀಯಾ?’

ನಾನು ತೆಪ್ಪಗಾದೆ. ಆಮೇಲೆ ಆ ಮಾತು ಎತ್ತಲಿಲ್ಲ.

ಸಾಹೇಬ ವರ್ಷಕ್ಕೆ ಸರಿಯಾಗಿ ನಡೆದ. ಕುರ್ಚಿ ಹತ್ತಿದ, ಡಬ್ಬಿಯ ಮೇಲೆ ಡಬ್ಬಿ ಪೇರಿಸಿದ, ಚಿಲಕ ತೆಗೆಯಲು ಕಲಿತ. ಮೈಕೈಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಬೇಕಾದ್ದಕ್ಕೆ ಬೆರಳು ತೋರುವನು, ತೋರಿದ್ದು ನಮಗೆ ಅರ್ಥವಾಗದಿದ್ದರೆ ಸಿಟ್ಟು ನೆತ್ತಿಗೇರುವುದು. ನೆಲಕ್ಕೆ ಬಿದ್ದು ಹೊರಳುವನು, ಹತ್ತಿರ ಬಂದ ಮಗುವನ್ನು ಕಚ್ಚುವನು. ಜೇಬಿನವಳು ತನ್ನ ಮಗಳ ತೋಳಿನ ಮೇಲಿನ ಹಲ್ಲಿನ ಗುರುತು ತೋರಿಸಿ ರಂಪ ಮಾಡಿದಳು. ‘ಎರಡು ವರ್ಷದ ಮಕ್ಕಳೆಲ್ಲ ಕಚ್ತಾವೆ, ಹೇಳ್ಕೊಳ್ಳೋಕೆ ಮಾತು ಸಾಲಲ್ಲ ಅದಕ್ಕೆ’ ಎಂದು ದೊಡ್ಡಮ್ಮ ಅವಳನ್ನು ಸಾಗಹಾಕಿದಳು. ಹೇಳಿದ್ದು ನಿಜವೇ. ಆದರೆ ಮಿಕ್ಕ ಮಕ್ಕಳಿಗೆ ಮಾತು ಸಾಲುತ್ತಿರಲಿಲ್ಲ, ಇವನಿಗೆ ಒಂದೂ ಇರಲಿಲ್ಲ.

ಎರಡು ವರ್ಷ ದಾಟಿ ಎರಡು ತಿಂಗಳಾಯಿತು. ‘ಅಮ್ಮ’ ಎಂಬುದೂ ಬರಲಿಲ್ಲ. ಕಾಲರಿನವಳು ಸೊರಗಿದಳು. ಅವಳ ಅತ್ತೆ, ‘ಹೆತ್ತೋಳು ಮನೇಲಿದ್ದು ಮಾತಾಡಿಸಿದ್ರೆ ತಾನೆ ಮಗು ಮಾತಾಡೋದು? ಇವಳಿಗೆ ಮಷೀನಿನ ಜೊತೆಗೇ ಮಾತು’ ಎಂದು ಬಂದವರೆದುರೆಲ್ಲ ಅನ್ನುತ್ತಿದ್ದಳಂತೆ. ಗಂಡ ಅತ್ತ ಅಮ್ಮನಿಗೂ ಹೇಳದೆ ಇತ್ತ ಹೆಂಡತಿಗೂ ಹೇಳದೆ ಪಿಟ್ಟೆನ್ನದೆ ಕೂತಿರುತ್ತಿದ್ದನಂತೆ. ಅವಳು ಪ್ರತಿ ಸಂಜೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗಂಟೆಗಟ್ಟಲೆ ಕತೆ ಹೇಳುತ್ತಿದ್ದಳು, ಹಾಡುತ್ತಿದ್ದಳು. ಗಂಟಲು ಕಟ್ಟಿಕೊಂಡೇ ಬೆಳಿಗ್ಗೆ ಕೆಲಸಕ್ಕೆ ಬರುತ್ತಿದ್ದಳು. ಕಿವಿಯ ಮಾತನ್ನು ಮತ್ತೆ ಎತ್ತಲೇ ಇಲ್ಲ, ಏಕೆಂದರೆ ಕಿವಿ ಕೇಳಿಸುತ್ತದೆಂದು ಅವಳೇ ಗಾಜಿನಾಚೆ ನಿಂತು ಕಣ್ಣಾರೆ ಕಂಡಿದ್ದಳು. ತಪ್ಪೆಲ್ಲ ತನ್ನದೇ ಎಂದುಕೊಂಡಿದ್ದಳು, ಪಾಪ.

ಅದೇ ಸಮಯಕ್ಕೆ ಕಟ್ಟಡ ನೋಡಲು ಬಂದ ಎಂಜಿನಿಯರು, ಮೇಲಿನ ಮಹಡಿಗೆ ಇಷ್ಟು ಭಾರ ಸಲ್ಲದು ಎಂದ. ಒಂದು ಭಾನುವಾರ ಇನ್ನೂರು ಮಷೀನುಗಳನ್ನೂ ಹಿಂದಿನ ಹೊಸ ಶೆಡ್ಡಿಗೆ ಇಳಿಸಿದರು. ಮಕ್ಕಳ ಕೋಣೆ ಇದ್ದಲ್ಲೇ ಉಳಿಯಿತು, ಸೈರನ್ನೂ ಅದೇ ಚಾವಣಿಯ ಮೇಲೆ ಉಳಿಯಿತು. ಸೋಮವಾರ ಬಂದರೆ ಪಕ್ಕದ ಹೊಲಿಗೆ ಹಾಲು ಬಿಕೋ ಎನ್ನುತ್ತಿತ್ತು.

ಹನ್ನೆರಡೂವರೆಗೆ ಸೈರನ್ ಕೂಗಿತು. ಸದ್ದಿಲ್ಲದ ಕೋಣೆಯಲ್ಲಿ ಅದು ಎಂದಿಗಿಂತ ಜೋರಾಗಿ ಕೇಳಿಸಿ ಮಕ್ಕಳೆಲ್ಲ ಬೆಚ್ಚಿದವು, ಎರಡು ಅಳತೊಡಗಿದವು. ಸಾಹೇಬ ಡಬ್ಬಿ ಪೇರಿಸುತ್ತಿದ್ದ. ತಲೆಯೆತ್ತಲಿಲ್ಲ. ದೊಡ್ಡಮ್ಮ ಅವನನ್ನೇ ನೋಡಿದಳು. ‘ಆಟದಲ್ಲಿ ಮುಳುಗಿದಾನೆ’ ಎಂದಳು. ನಾನು ಕೇಳಿರಲಿಲ್ಲ, ಅವಳೇ ಅಂದಳು.

ಮಂಗಳವಾರವೂ ಅವನು ತಿರುಗಲಿಲ್ಲ. ಆ ಸಂಜೆ ಅವಳು ಮನೆಯಲ್ಲಿ ಊಟದ ತಟ್ಟೆಯ ಮುಂದೆ ಕೂತು ಎದ್ದುಹೋದಳು.

ಬುಧವಾರ ಸೈರನ್ನಿಗೆ ಕಾಯಲಿಲ್ಲ. ಕ್ಯಾಂಟೀನಿನ ಅಡುಗೆಯವರ ಹತ್ತಿರ ಹೋಗಿ ಅಗಲದೊಂದು ತಟ್ಟೆ, ಕಬ್ಬಿಣದ ಸೌಟು ತಂದಳು. ನನ್ನನ್ನು ಸಾಹೇಬನ ಎದುರು ಕೂರಿಸಿ ಆಡಿಸು ಎಂದಳು. ತಾನು ಅವನ ಹಿಂದೆ, ಹತ್ತು ಹೆಜ್ಜೆ ದೂರ, ಬಾಗಿಲಾಚೆ ನಿಂತು ತಟ್ಟೆಯನ್ನು ಬಾರಿಸಿದಳು. ನನ್ನ ಹಲ್ಲು ಜುಮ್ಮೆಂದಿತು. ಮಲಗಿದ್ದ ಕೂಸುಗಳು ಕಿಟಾರನೆ ಕಿರುಚಿದವು. ಸಾಹೇಬ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಇನ್ನೊಂದರ ಮೇಲಿಟ್ಟು, ಹೇಗಿದೆ ಎನ್ನುವ ಹಾಗೆ ನನ್ನ ಮುಖ ನೋಡಿ ನಕ್ಕ. ಅವಳು ಮತ್ತೆ ಬಾರಿಸಿದಳು, ಮತ್ತೆ, ಮತ್ತೆ. ಕೊನೆಗೆ ಮೆಟ್ಟಿಲಿಂದ ಕಾವಲಿನವನು ಓಡಿ ಬಂದು, ‘ಏನಾಯ್ತು ದೊಡ್ಡಮ್ಮ, ಬೆಂಕಿಯೇನು?’ ಎಂದ.

ಅವಳು ತಟ್ಟೆ ಕೆಳಗಿಟ್ಟು ಒಳಗೆ ಬಂದಳು. ನೆಲದ ಮೇಲೆ ಕೂತಳು, ಅಂಗೈಯನ್ನು ನೆಲಕ್ಕೆ ಒತ್ತಿದಳು.

‘ನೆಲ ಕಣೇ’ ಎಂದಳು.

‘ಏನು ದೊಡ್ಡಮ್ಮ?’

‘ನೆಲ ನಡುಗೋದು ನಿಂತ ಕೂಡ್ಲೆ ತಿರುಗ್ತಿದ್ದ. ನೆಲ ನಿಲ್ತು, ಅಮ್ಮ ಬರ್ತಾಳೆ ಅಂತ. ಕಿವಿ ಅಲ್ಲ. ಅವನಿಗೆ ಯಾವತ್ತೂ ಕಿವಿ ಇರಲಿಲ್ಲ. ಅಯ್ಯೋ, ನಾನು ಏನು ಮಾಡಿಬಿಟ್ಟೆ...’

ಅವಳು ಅತ್ತದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಬಾಯಿ ತೆರೆದು, ಸದ್ದು ಬಾರದೆ ಅತ್ತಳು.

ನಾನೇ ಹೇಳುತ್ತೇನೆ ಎಂದರೆ ಕೇಳಲಿಲ್ಲ. ಮಧ್ಯಾಹ್ನ ಕಾಲರಿನವಳು ಬಂದಾಗ ಬಾಗಿಲು ಮುಂದೆ ಮಾಡಿ ತಾನೇ ಹೇಳಿದಳು, ಒಂದು ಮಾತನ್ನೂ ಮುಚ್ಚಿಡದೆ. ಚಪ್ಪಾಳೆ, ಗೊಂಚಲು, ಗಾಜು, ನೆಲ, ನರ್ಸಮ್ಮನಿಗೆ ಚೀಟಿ ಬರೆಯದಂತೆ ತಡೆದದ್ದು, ಎಲ್ಲ. ‘ನೀನು ಹೇಳಿದ್ದೇ ಸರಿ ತಾಯಿ. ನಾನು ಕೇಳಲಿಲ್ಲ. ನನಗೆ ಏನು ಬೇಕಾದ್ರೂ ಅನ್ನು, ಹೊಡೆದ್ರೂ ಹೊಡಿ’ ಎಂದಳು.

ಕಾಲರಿನವಳು ಅನ್ನಲಿಲ್ಲ, ಹೊಡೆಯಲಿಲ್ಲ. ಸಾಹೇಬನ ತಲೆಗೂದಲು ಸರಿಮಾಡಿದಳು.

‘ಹಾಗಾದ್ರೆ ನಾನು ಹಾಡಿದ್ದು?’ ಎಂದಳು. ‘ದಿನಾ ಸಂಜೆ ಹಾಡ್ತಿದ್ನಲ್ಲ ದೊಡ್ಡಮ್ಮ. ಒಂದೂ ಅವನಿಗೆ ಹೋಗಿಲ್ವಾ?’

ದೊಡ್ಡಾಸ್ಪತ್ರೆಗೆ ಮೂವರೂ ಹೋದೆವು. ಮಗುವಿನ ತಲೆಗೆ ತಂತಿಗಳನ್ನು ಅಂಟಿಸಿ ನಿದ್ದೆ ಬರಿಸಿ ಪರೀಕ್ಷೆ ಮಾಡಿದರು. ಹುಟ್ಟಿನಿಂದಲೇ ಕೇಳಿಸುವುದಿಲ್ಲ ಎಂದರು. ಕಿವಿಗೆ ಯಂತ್ರ ಹಾಕೋಣ, ಮಾತು ಕಲಿಸುವ ಶಾಲೆಗೆ ಸೇರಿಸಿ, ಕೈಸನ್ನೆಯ ಭಾಷೆಯನ್ನೂ ಕಲಿಸಿ, ಏನೂ ಆಗುವುದಿಲ್ಲ ಅಂತಲ್ಲ ಎಂದು ಡಾಕ್ಟರಮ್ಮ ತಾಳ್ಮೆಯಿಂದಲೇ ಹೇಳಿದಳು. ಮೊದಲ ಎರಡು ಮೂರು ವರ್ಷದಲ್ಲೇ ಮಿದುಳು ಮಾತಿಗೆ ದಾರಿ ಮಾಡಿಕೊಳ್ಳುವುದು, ಆ ಹೊತ್ತು ಖಾಲಿ ಹೋದರೆ ಆಮೇಲೆ ಪ್ರತಿಯೊಂದು ಮಾತಿಗೂ ಹೆಣಗಬೇಕಾಗುತ್ತದೆ ಎಂದೂ ಹೇಳಿದಳು. ಕಾಲರಿನವಳು ಕೇಳಿದಳು, ‘ಹತ್ತು ತಿಂಗಳಲ್ಲೇ ಬಂದಿದ್ರೆ?’ ಡಾಕ್ಟರಮ್ಮ ಕಾಗದಗಳನ್ನು ಜೋಡಿಸುತ್ತ, ‘ಬಂದಿದ್ರೆ ತುಂಬ ವ್ಯತ್ಯಾಸ ಆಗ್ತಿತ್ತು’ ಎಂದಳು. ದೊಡ್ಡಮ್ಮ ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ಕೇಳಿಸಿಕೊಂಡಳು.

ಸಾಹೇಬ ನಮ್ಮ ಕೋಣೆ ಬಿಟ್ಟ. ಕಾಲರಿನವಳೂ ಕೆಲಸ ಬಿಟ್ಟು ದಿನವೂ ಅವನನ್ನು ಆ ಶಾಲೆಗೆ ಕರೆದೊಯ್ಯತೊಡಗಿದಳು. ದೊಡ್ಡಮ್ಮ ಕೆಲಸ ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋದಾಳು? ಆದರೆ ಪರೀಕ್ಷೆಗಳು ನಿಂತವು. ‘ದೊಡ್ಡಮ್ಮ, ನಮ್ಮದಿನ್ನೂ ಮಗುಚಿಲ್ಲ, ಪರವಾಗಿಲ್ವಾ?’ ಎಂದು ಯಾರಾದರೂ ಕೇಳಿದರೆ, ‘ನನ್ನ ಕೇಳಬೇಡಮ್ಮ, ಡಾಕ್ಟರನ್ನ ಕೇಳು’ ಎಂದು ಬಟ್ಟೆ ಒಗೆಯಲು ಹೋಗುವಳು. ಪೆಟ್ಟು ತಿಂದವಳ ಹಾಗೆ ಗೋಡೆಗೆ ಹತ್ತಿಕೊಂಡೇ ಓಡಾಡುವಳು. ಮಕ್ಕಳಿಗೆ ಬಯ್ಯುವುದನ್ನೂ ಬಿಟ್ಟಳು. ಆ ಬಾಯಿಯ ಕಾಟ ತಪ್ಪಿದರೆ ಸಾಕೆಂದು ಎಷ್ಟೋ ಸಲ ಅಂದುಕೊಂಡಿದ್ದ ನನಗೇ, ಒಂದು ಸಲ ಗದರಬಾರದೇ ಎನ್ನಿಸತೊಡಗಿತು.

ಎರಡೂವರೆ ವರ್ಷ ಕಳೆದು ಒಂದು ಬೆಳಿಗ್ಗೆ ಕಾಲರಿನವಳು ಬಂದಳು. ಮತ್ತೆ ಕೆಲಸಕ್ಕೆ ಸೇರಿದ್ದಳು. ತೋಳಲ್ಲಿ ಮೂರು ತಿಂಗಳ ಹೆಣ್ಣುಕೂಸು. ಸಾಹೇಬ ಶಾಲೆಯಲ್ಲಿದ್ದಾನೆ, ಶಾಲೆಯ ಗಾಡಿಯೇ ಬಂದು ಕರೆದೊಯ್ಯುತ್ತದೆ ಎಂದಳು. ದೊಡ್ಡಮ್ಮ ಒದ್ದೆ ಕೈ ಒರೆಸಿಕೊಂಡು ಎದ್ದು ಬಂದಳು.

‘ಮಾತು ಬಂತಾ ತಾಯಿ?’

‘ನಾಲ್ಕೈದು ಬರುತ್ತೆ. ನನಗೆ ಗೊತ್ತಾಗುತ್ತೆ, ಬೇರೆಯವರಿಗೆ ಗೊತ್ತಾಗಲ್ಲ. ಕೈಯಲ್ಲಿ ಚೆನ್ನಾಗಿ ಹೇಳ್ತಾನೆ. ನಾನೂ ಕಲೀತಿದೀನಿ.’ ಆಮೇಲೆ ಕೂಸಿನ ಟೋಪಿ ಸರಿಮಾಡಿ, ‘ಇವಳಿಗೆ ಹುಟ್ಟಿದ ಮೂರನೇ ದಿನವೇ ಪರೀಕ್ಷೆ ಮಾಡಿಸಿದೆ. ಕೇಳಿಸುತ್ತೆ’ ಎಂದಳು.

‘ಒಳ್ಳೇದಾಯ್ತು, ಒಳ್ಳೇದಾಯ್ತು’ ಎಂದು ದೊಡ್ಡಮ್ಮ ಎರಡೂ ಕೈ ಚಾಚಿದಳು. ಬೇಕೆಂದು ಚಾಚಿದ್ದಲ್ಲ, ಮೂವತ್ತು ವರ್ಷದ ರೂಢಿ. ಕಾಲರಿನವಳು ಅವಳ ಕೈಗಳನ್ನು ನೋಡಿದಳು. ಮುಖದಲ್ಲಿ ಕೋಪವಿರಲಿಲ್ಲ. ‘ನಿಮಗ್ಯಾಕೆ ಶ್ರಮ ದೊಡ್ಡಮ್ಮ’ ಎಂದು ಮೆಲ್ಲಗೆ ಹೇಳಿ, ಎರಡು ಹೆಜ್ಜೆ ಪಕ್ಕಕ್ಕೆ ಬಂದು, ಕೂಸನ್ನು ನನ್ನ ಕೈಗೆ ಕೊಟ್ಟಳು. ಹಾಲಿನ ಹೊತ್ತು, ನಿದ್ದೆಯ ಹೊತ್ತು ಎಲ್ಲವನ್ನೂ ನನಗೇ ಹೇಳಿ ಹೋದಳು.

ದೊಡ್ಡಮ್ಮನ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಅವಳು ಹೋಗಿ ಚಾಪೆ ಹಾಸತೊಡಗಿದಳು. ಅವಳ ಬೆನ್ನು ನನ್ನ ಕಡೆಗಿತ್ತು.

‘ಒಂದು ಕೇಳ್ತೀನಿ, ಹೇಳು’ ಎಂದಳು. ‘ಅವನ ಹಾಡು ನಿಂತುಹೋಯ್ತು ಅಂತ ನಿನಗೆ ಗೊತ್ತಿತ್ತು. ನನಗೆ ಬಂದು ಹೇಳಿದೆ. ಒಂದೇ ಸಲ ಹೇಳಿ ಯಾಕೆ ಸುಮ್ಮನಾದೆ? ಆ ಹುಡುಗಿಗಾದ್ರೂ ಹೇಳಬಹುದಿತ್ತಲ್ಲ.’

ಈ ಪ್ರಶ್ನೆಗೆ ನಾನು ಎರಡೂವರೆ ವರ್ಷದಿಂದ ಹೆದರಿಕೊಂಡಿದ್ದೆ. ‘ನಿನ್ನ ಮೇಲೆ ನಂಬಿಕೆ ಇತ್ತು ದೊಡ್ಡಮ್ಮ’ ಎಂದೆ.

‘ನಂಬಿಕೆಯೂ ಅಲ್ಲ, ಮಣ್ಣೂ ಅಲ್ಲ’ ಎಂದಳು ತಿರುಗದೆಯೇ. ‘ಹೆದರಿಕೆ. ನೀನು ಮೂರು ವರ್ಷದೋಳು, ಅಮ್ಮ ಬೇಕು ಅಂತ ಒಂದು ವಾರ ಅತ್ತೆ. ಸುಮ್ಮನಿರು ಅಂತ ನಾನು ಗದರಿದೆ, ನೀನು ಸುಮ್ಮನಾದೆ. ಒಳ್ಳೇ ಹುಡುಗಿ, ಹೇಳಿದ ಮಾತು ಕೇಳ್ತಾಳೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ನಿನ್ನನ್ನ ಹಾಗೆ ಬೆಳೆಸಿದ್ದು ನಾನೇ.’

ಅಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಕೂಸು ನನ್ನ ಭುಜದ ಮೇಲೆ ಅಳತೊಡಗಿತು, ನಾನು ಅದನ್ನು ತಟ್ಟುತ್ತ ನಿಂತೆ. ಅವಳು ಉಳಿದ ಚಾಪೆಗಳನ್ನು ಒಂದೊಂದಾಗಿ ಹಾಸಿದಳು.